ಕೈಗೂಡಿದ ಕೈ

ಕನ್ನಡ ನುಡಿಯಲ್ಲಿ 'ಕೈ' ಎಂಬ ಒಂದಕ್ಷರದ ಪದ ಹೊತ್ತಿರುವಷ್ಟು ಹೊರೆಯನ್ನು ದೇಹದ ಬೇರಾವ ಅಂಗದ ಹೆಸರೂ ಹೊತ್ತಂತೆ ತೋರುವುದಿಲ್ಲ. ಬಯಸಿದ್ದು ನೆರವೇರಿದರೆ ಅದು ಕೈಗೂಡಿತು. ನಂಬಿದವನು ನಡುದಾರಿಯಲ್ಲಿ ತೊರೆದರೆ ಅವನು ಕೈಕೊಟ್ಟನು. ಮದುವೆಯಾಗಿ ಬಂದವಳು ಕೈಹಿಡಿದವಳು. ಉಪಾಯವೆಲ್ಲ ತೀರಿದ ವೈದ್ಯ ಕೈಚೆಲ್ಲಿದನು. ಇವೆಲ್ಲಕ್ಕಿಂತ ವಿಚಾರಾರ್ಹವಾದುದು 'ಕೈಲಾಗು' ಎಂಬ ಮಾತು. ನಡೆಯುವುದು ಕಾಲಿನ ಕೆಲಸ, ನುಡಿಯುವುದು ನಾಲಗೆಯ ಕೆಲಸ; ಆದರೂ ದಣಿದ ಕನ್ನಡಿಗ 'ನಡೆಯಲು ಕೈಲಾಗದು', 'ಮಾತಾಡಲು ಕೈಲಾಗದು' ಎಂದೇ ಹೇಳುತ್ತಾನೆ. ಸಾಮರ್ಥ್ಯವೆಂಬ ಭಾವವನ್ನೇ ಹಿರಿಯರು ಕೈಯ ಮೇಲೆ ಇಟ್ಟರು.

ಹಳಗನ್ನಡದ 'ಕೆಯ್' ಎಂಬ ರೂಪಕ್ಕೆ ಹಸ್ತವೆಂಬ ಅರ್ಥವುಂಟು, ಹೊಲವೆಂಬ ಅರ್ಥವೂ ಉಂಟು. ಅದರ ನೆರೆಯಲ್ಲಿಯೇ 'ಮಾಡು' ಎಂಬ ಅರ್ಥದ 'ಗೆಯ್' ಧಾತು ಇದೆ. ಅದರಿಂದಾದ 'ಗೇಮೆ' ಒಕ್ಕಲಿಗನ ಬಾಯಲ್ಲಿ ಇನ್ನೂ ಬದುಕಿದೆ. ಈ ಮೂರೂ ಒಂದೇ ಬೇರಿನ ಚಿಗುರುಗಳೋ ಅಲ್ಲವೋ ಎಂಬುದನ್ನು ಭಾಷಾಶಾಸ್ತ್ರಜ್ಞರು ತೀರ್ಮಾನಿಸಲಿ. ಒಕ್ಕಲುತನದ ಮನೆಯಲ್ಲಿ ಮಾತ್ರ ಕೈ, ಹೊಲ, ಗೇಮೆ ಮೂರೂ ಒಂದೇ ಬೆಳಗಿನಲ್ಲಿ ಬಿದ್ದುಹೋಗುವುದುಂಟು. ಯಜಮಾನನಿಗೆ ಪಾರ್ಶ್ವವಾಯು ಬಡಿದ ಬೆಳಗು ಅದು.

ಈ ವ್ಯಾಧಿಯನ್ನು ಹಳ್ಳಿಗರು ಲಕ್ವವೆಂದೂ ಆಯುರ್ವೇದಜ್ಞರು ವಾತವ್ಯಾಧಿಗಳಲ್ಲಿ ಸೇರಿದ ಪಕ್ಷಾಘಾತವೆಂದೂ ಕರೆಯುತ್ತಾರೆ. ಕೈಗೆ ಬಂದ ರೋಗದಂತೆ ಕಾಣುವ ಇದು ವಾಸ್ತವವಾಗಿ ಮಿದುಳಿನದು. ಮಿದುಳಿಗೆ ರಕ್ತವೊಯ್ಯುವ ನಾಳವೊಂದು ಕಟ್ಟಿಕೊಂಡರೆ ಅಥವಾ ಒಡೆದರೆ, ಆ ನಾಳವನ್ನು ನಂಬಿದ ಭಾಗ ಸಾಯುತ್ತದೆ. ಎಡಮಿದುಳಿನ ಆಜ್ಞೆ ಬಲಮೈಗೆ, ಬಲಮಿದುಳಿನದು ಎಡಮೈಗೆ. ಮಾತಿನ ನೆಲೆ ಬಹುತೇಕರಲ್ಲಿ ಎಡಮಿದುಳಿನಲ್ಲಿದೆಯೆಂಬುದು ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ತೊಡಗಿದ ಶೋಧನೆಗಳಿಂದ ತಿಳಿದುಬಂದಿತು; ಆದಕಾರಣ ಬಲಗೈ ಬಿದ್ದವರಲ್ಲಿ ಅನೇಕರಿಗೆ ಮಾತೂ ತೊಡರುತ್ತದೆ. ನಾಳದಲ್ಲಿ ಕಟ್ಟಿಕೊಂಡ ರಕ್ತಗಂಟನ್ನು ಕರಗಿಸುವ ಔಷಧದ ಗುಣ 1995ರಲ್ಲಿ ಪ್ರಯೋಗದಿಂದ ಸಿದ್ಧವಾಯಿತು. ಸಾಮಾನ್ಯವಾಗಿ ಅದನ್ನು ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದೂ ನಾಳ ಒಡೆದಿಲ್ಲವೆಂದು ಸ್ಕ್ಯಾನಿನಿಂದ ಖಚಿತಪಡಿಸಿಕೊಂಡ ಮೇಲೆ. ಪಾರಿವಾಳದ ರಕ್ತ ಹಚ್ಚುವವರ ಮನೆಯನ್ನು ಹುಡುಕುತ್ತ ಅಲೆದ ಹೊತ್ತು ಆ ನಾಲ್ಕೂವರೆ ಗಂಟೆಯನ್ನು ನುಂಗಿಬಿಡುತ್ತದೆ. ಇದನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಹೇಳಬೇಕಾದುದು ರೋಗಿ ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲಿನ ಕಥೆ.

ಧಾರವಾಡ ಸೀಮೆಯ ಎರೆನೆಲದ ಹಳ್ಳಿಯೊಂದಕ್ಕೆ 67 ವರ್ಷದ ಯಜಮಾನರೊಬ್ಬರು ಹೀಗೆ ಮರಳಿ ಬಂದರು. ಮಾತು ತುಸು ತೊದಲಾಗಿತ್ತು, ತಿಂಗಳೊಳಗೆ ತಿಳಿಯಾಯಿತು. ಬಲಗಾಲು ಎಳೆಯುತ್ತಿತ್ತು, ಕೋಲಿನ ಆಸರೆಯಿಂದ ಅಂಗಳ ದಾಟುವಷ್ಟು ಬೇಗನೆ ಸುಧಾರಿಸಿತು. ಬಲಗೈ ಮಾತ್ರ ಯಾರದೋ ವಸ್ತುವನ್ನು ಹೆಗಲಿಗೆ ತೂಗುಹಾಕಿದಂತೆ ಜೋತುಬಿದ್ದಿತ್ತು. ಮಗನಿಗೆ ಹೊಲದ ಪಾಡು. ಹೆಂಡತಿಗೆ ಮೊಣಕಾಲು ನೋವು. ನೋಡಿಕೊಳ್ಳುವ ಹೊಣೆ ಸೊಸೆಯ ಮೇಲೆ ಬಿದ್ದಿತು. ಒಂಬತ್ತು ವರ್ಷದ ಮೊಮ್ಮಗಳು ಆ ಹೊಣೆಯಲ್ಲಿ ಪಾಲು ಪಡೆದದ್ದು ಅನಂತರ.

ಮೊದಲ ವಾರಗಳಲ್ಲಿ ಸೊಸೆಯ ಕೆಲಸವೆಲ್ಲ ಆ ಕೈಯನ್ನು ಕಾಯುವುದೇ ಆಗಿತ್ತು. ಹೆಚ್ಚಾಗಿ ಪ್ರೀತಿಯುಳ್ಳವರಿಂದ ಕಾಯುವುದು. ಹೆಗಲ ಕೀಲೆಂಬುದು ಆಳವಿಲ್ಲದ ತಟ್ಟೆಯ ಮೇಲಿಟ್ಟ ಚೆಂಡಿನಂಥದು. ಸುತ್ತಲ ಸ್ನಾಯುಗಳೇ ಅದನ್ನು ಹಿಡಿದು ನಿಲ್ಲಿಸತಕ್ಕವು. ಸ್ನಾಯುಗಳು ಸತ್ತ್ವಗುಂದಿದಾಗ ಕೈಯ ಭಾರಕ್ಕೇ ಕೀಲು ಕೆಳಗೆ ಜಾರುತ್ತದೆ. ನೋಡಲು ಬಂದ ನಂಟರು 'ಏಳ್ರಿ, ಕೂಡ್ರಿ' ಎಂದು ಅದೇ ಕೈ ಹಿಡಿದು ಜಗ್ಗಿದರೆ, ಕಂಕುಳಿಗೆ ಕೈಹಾಕಿ ಎತ್ತಿದರೆ, ಹೆಗಲಿನಲ್ಲಿ ತಿಂಗಳುಗಟ್ಟಲೆ ಕಾಡುವ ನೋವು ಹುಟ್ಟುತ್ತದೆ. ನೋಯುವ ಕೈಯನ್ನು ರೋಗಿ ಆಡಿಸಲು ಒಲ್ಲನು. ಕುಳಿತಾಗ ಮಡಿಲಲ್ಲಿ ದಿಂಬು, ಮಲಗಿದಾಗ ಮೊಣಕೈ ಕೆಳಗೆ ದಿಂಬು, ಎಬ್ಬಿಸುವಾಗ ಬೆನ್ನಿಗೂ ಸೊಂಟಕ್ಕೂ ಆಸರೆ, ಅಂಗಿ ತೊಡಿಸುವಾಗ ಬಿದ್ದ ಕೈಗೆ ಮೊದಲು, ಕಳೆಯುವಾಗ ಅದಕ್ಕೆ ಕಡೆಗೆ: ಇಷ್ಟನ್ನು ಆಸ್ಪತ್ರೆಯ ಫಿಜಿಯೋಥೆರಪಿ ವಿಭಾಗದ ಹೆಣ್ಣುಮಗಳೊಬ್ಬಳು ಸೊಸೆಗೆ ಕಲಿಸಿ ಕಳಿಸಿದ್ದಳು. ಎಣ್ಣೆ ತಿಕ್ಕಲು ಬಂದವನು ಕೀಲು 'ಕೂಡಿಸಿಕೊಡುವೆ'ನೆಂದಾಗ ಸೊಸೆ ಬಾಗಿಲಲ್ಲೇ ತಡೆದಳು. ಹಗುರವಾಗಿ ಎಣ್ಣೆ ಸವರಲು ಅಡ್ಡಿಯಿಲ್ಲ, ಎಳೆದು ತಿರುವುವುದು ಸಲ್ಲದು ಎಂಬುದು ಆಕೆಯ ಕಟ್ಟುನಿಟ್ಟು. ಜಳಕದ ನೀರನ್ನು ಎಡಗೈಯಿಂದ ಮುಟ್ಟಿ ನೋಡಿದ ಬಳಿಕವೇ ಹಾಕಿಕೊಳ್ಳಬೇಕು, ಏಕೆಂದರೆ ಬಿದ್ದ ಕೈಗೆ ಸುಡುವುದೂ ತಿಳಿಯದೆ ಇರಬಹುದು. ಇವು ಸಣ್ಣ ಸಂಗತಿಗಳು. ಆದರೆ ಕೈ ಕೆಡುವುದು ಇವುಗಳಲ್ಲಿಯೇ.

ಐದಾರು ವಾರ ಕಳೆಯುವಷ್ಟರಲ್ಲಿ ಜೋತುಬಿದ್ದ ಕೈ ಬಿಗಿಯತೊಡಗಿತು. ಮೊಣಕೈ ಮಡಿಚಿತು, ಮಣಿಕಟ್ಟು ಬಾಗಿತು, ಬೆರಳುಗಳು ಮುಷ್ಟಿಗಟ್ಟಿದವು. ಮನೆಯವರು ಬಲ ಬಂದಿತೆಂದು ಹಿಗ್ಗಿದರು. ಚಲನೆ ಮರಳುವ ಹಾದಿಯಲ್ಲಿ ಈ ಬಿಗಿತವೂ ಒಂದು ಘಟ್ಟವೆಂಬುದು ನಿಜ; ಸಿಗ್ನೆ ಬ್ರನ್‌ಸ್ಟ್ರಾಮ್ ಎಂಬ ಚಿಕಿತ್ಸಕಿ 1970ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಘಟ್ಟಗಳನ್ನು ಕ್ರಮವಾಗಿ ವಿವರಿಸಿದ್ದಾಳೆ. ಆದರೆ ಬಿಗಿತವೇ ಬಲವಲ್ಲ. ಸಾಮಾನ್ಯವಾಗಿ ಹೆಗಲು ಮೊದಲು, ಮೊಣಕೈ ಆಮೇಲೆ, ಬೆರಳು ಕಡೆಗೆ. ಬೆರಳುಗಳಲ್ಲಿಯೂ ಮುಚ್ಚುವುದು ಸುಲಭ, ತೆರೆಯುವುದು ಕಠಿಣ. ಆದುದರಿಂದ ಪಟ್ಟಣದಿಂದ ಬಂದ ಅಳಿಯ ಕಾಣಿಕೆಯಾಗಿ ತಂದುಕೊಟ್ಟ ರಬ್ಬರ್ ಚೆಂಡನ್ನು, ಹಗಲೆಲ್ಲ ಹಿಸುಕುತ್ತ ಕೂರಲೆಂದು ಕೊಟ್ಟಿದ್ದನ್ನು, ಸೊಸೆ ಮೊಮ್ಮಗಳಿಗೆ ಆಡಲು ಕೊಟ್ಟುಬಿಟ್ಟಳು. ಮುಷ್ಟಿ ಹಿಡಿಯುವುದನ್ನು ಆ ಕೈಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇನ್ನು ಊಟದ ಸಂಗತಿ. ಇದರಲ್ಲಿಯೇ ಮನೆ ಎರಡಾಯಿತು.

ಎಡಗೈಯಿಂದ ಉಣ್ಣುವುದು ಈ ನಾಡಿನ ಹಿರಿಯರಿಗೆ ಕೇವಲ ಅನಾನುಕೂಲವಲ್ಲ, ಅವಮಾನ. ಕೈಗಳ ಕೆಲಸವನ್ನು ಶೌಚಕ್ಕೆ ಇದು, ಅನ್ನಕ್ಕೆ ಇದು ಎಂದು ಶೈಶವದಲ್ಲಿಯೇ ಹಂಚಿಕೊಟ್ಟ ಸಮಾಜದಲ್ಲಿ ಬಲಗೈ ಬಿದ್ದವನು ಎರಡೂ ಕಡೆ ಸೋಲುತ್ತಾನೆ. ಚಮಚವಿದೆಯಲ್ಲ ಎಂದು ಪಟ್ಟಣಿಗರು ಹೇಳಬಹುದು. ಜೋಳದ ರೊಟ್ಟಿಯನ್ನು ಚಮಚದಿಂದ ಮುರಿಯಲಾಗುವುದಿಲ್ಲ. ಯಜಮಾನರು ಎಡಗೈಯಿಂದ ಉಣ್ಣಲೊಲ್ಲರು, ಬಲಗೈಯಿಂದ ಉಣ್ಣಲಾರರು. ಆದಕಾರಣ ಅವರ ಹೆಂಡತಿ ಮೂರು ಹೊತ್ತೂ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತುತ್ತು ಮಾಡಿ ಬಾಯಿಗಿಡುತ್ತಿದ್ದರು. ಐವತ್ತು ವರ್ಷ ಜೊತೆಯಲ್ಲಿ ಬಾಳಿದ ಜೀವ ಹೀಗೆ ಮಾಡುವುದನ್ನು ಕಂಡವರು ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ತಂಗಿಯ ಮೊಮ್ಮಗನ ಮದುವೆಯ ಆಮಂತ್ರಣ ಬಂದಾಗ ಯಜಮಾನರು ಅದನ್ನು ಓದಿಸಿ ಕೇಳಿ, ಮಡಿಚಿ ದಿಂಬಿನ ಕೆಳಗಿಟ್ಟು, 'ಪಂಕ್ತಿಯೊಳಗ ಕೂತು ಇನ್ನೊಬ್ಬರ ಕೈಲೆ ಉಣ್ಣೂದು ಬ್ಯಾಡ' ಎಂದು ಮಗ್ಗುಲಾದರು.

ಸೊಸೆ ಅತ್ತೆಯನ್ನು ಎದುರುಹಾಕಿಕೊಂಡದ್ದು ಅಂದು. 'ಅತ್ತೀ, ಮೊದಲನೇ ತುತ್ತು ಅವರ ಕೈಲೆನ ಉಣ್ಲಿ. ಉಳಿದದ್ದು ನೀವು ಉಣಸ್ರಿ' ಎಂದಳು. ಆ ಒಂದು ತುತ್ತಿಗೆ ಮೊದಲ ದಿನ ಹಿಡಿದದ್ದು ಕಾಲು ಗಂಟೆ. ಅನ್ನ ಎದೆಯ ಮೇಲೆ, ಧೋತರದ ಮೇಲೆ, ನೆಲದ ಮೇಲೆ. ಅತ್ತೆ ಮುಖ ತಿರುಗಿಸಿ ಕೂತರು. ನೋಡಲು ಬಂದ ನೆರೆಮನೆಯಾಕೆ, 'ಮಾವಗ ತುತ್ತು ಮಾಡಿ ಕೊಡಾಕ ಇಕಿಗೆ ಕೈ ಬರೂದಿಲ್ಲೇನು?' ಎಂದು ಕೇಳುವಂತೆಯೇ ಅಂದಳು. ಆ ಮಾತು ಓಣಿಯೆಲ್ಲ ಸುತ್ತಿ ಸೊಸೆಯ ತವರಿನವರೆಗೂ ಹೋಯಿತು. ರೋಗಿಯ ಸೇವೆಯಲ್ಲಿ ಕಾಣುವ ಕೆಲಸಕ್ಕೆ ಹೊಗಳಿಕೆ ಇದೆ. ಕೈಕಟ್ಟಿ ಕುಳಿತು ಕಾಯುವ ಕೆಲಸಕ್ಕೆ ಇರುವುದು ಬೈಗುಳವೇ. ಸೆರಗಿನ ಮರೆಯಲ್ಲಿ ಕೈಗಳನ್ನು ಒಂದಕ್ಕೊಂದು ಹೆಣೆದು ಆ ಸೊಸೆ ಕಾಲು ಗಂಟೆ ಸುಮ್ಮನೆ ಕೂತದ್ದು, ಆಕೆ ಆ ಮನೆಯಲ್ಲಿ ಮಾಡಿದ ಎಲ್ಲ ಕೆಲಸಗಳಿಗಿಂತ ಕಷ್ಟದ್ದೆಂದು ತೋರುತ್ತದೆ.

ಆಕೆಯ ಹಟ ಬರಿಯ ಹಟವಾಗಿರಲಿಲ್ಲ. ಅಮೆರಿಕದ ರಾಂಡಾಲ್ಫ್ ನೂಡೋ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮಂಗಗಳ ಮಿದುಳಿನಲ್ಲಿ ಕೈಯನ್ನಾಳುವ ಭಾಗದ ಒಂದಂಶ ಕೆಟ್ಟ ಮೇಲೆ, ಆ ಕೈಗೆ ಅಭ್ಯಾಸ ದೊರೆಯದಿದ್ದರೆ ಕೆಡದೆ ಉಳಿದಿದ್ದ ನೆರೆಯ ಭಾಗವೂ ಕೈಯನ್ನು ಮರೆಯುತ್ತ ಬಂದಿತು. ಅಭ್ಯಾಸ ಮಾಡಿಸಿದ ಮಂಗಗಳಲ್ಲಿ ಅದು ಉಳಿಯಿತು. ಎಡ್ವರ್ಡ್ ಟಾಬ್ ಎಂಬ ಇನ್ನೊಬ್ಬ ವಿಜ್ಞಾನಿ ಇದಕ್ಕೆ ಹೊಂದುವ ಸತ್ಯವನ್ನು ಮೊದಲೇ ಕಂಡಿದ್ದನು: ಆರಂಭದಲ್ಲಿ ಕೈಯಾಡಿಸಿ ಸೋತ ಪ್ರಾಣಿ, ಆಮೇಲೆ ಶಕ್ತಿ ಮರಳಿದರೂ ಅದನ್ನು ಬಳಸದಿರುವುದನ್ನೇ ಕಲಿತುಬಿಡುತ್ತದೆ. ಈ ತಿಳಿವಿನ ಮೇಲೆ ಒಂದು ಚಿಕಿತ್ಸೆ ಬೆಳೆಯಿತು. ಒಳ್ಳೆಯ ಕೈಗೆ ದಪ್ಪ ಕೈಚೀಲ ತೊಡಿಸಿ, ಎರಡು ವಾರ ಎಚ್ಚರವಿರುವ ಹೊತ್ತಿನ ಬಹುಪಾಲು ಬಿದ್ದ ಕೈಯಿಂದಲೇ ಕೆಲಸ ಮಾಡಿಸುವುದು. 222 ರೋಗಿಗಳ ಮೇಲೆ ನಡೆದ ಇದರ ಪರೀಕ್ಷೆಯ ಫಲ 2006ರಲ್ಲಿ ಹೊರಬಂದಿತು. ಗುಣ ಸ್ಪಷ್ಟವಾಗಿತ್ತು, ವರ್ಷದ ಬಳಿಕವೂ ಉಳಿದಿತ್ತು. ಮಣಿಕಟ್ಟನ್ನೂ ಬೆರಳುಗಳನ್ನೂ ತುಸುವಾದರೂ ಎತ್ತಬಲ್ಲವರಿಗೆ ಮಾತ್ರ ಈ ಕ್ರಮ ಸಲ್ಲುತ್ತದೆ. ಕೋಲು ಹಿಡಿದ ಕೈಯನ್ನು ಕಟ್ಟಿಹಾಕಿದರೆ ಮುದುಕರು ಬೀಳುತ್ತಾರೆ ಎಂಬ ವಿವೇಕವೂ ಬೇಕು. ಆ ಮನೆಯಲ್ಲಿ ಎಡಗೈಯನ್ನು ಕಟ್ಟಲಿಲ್ಲ. ಊಟಕ್ಕೆ ಕೂತಾಗ ಮಾತ್ರ ಅದು ತೊಡೆಯ ಕೆಳಗೆ ಸೇರಬೇಕೆಂಬ ಒಪ್ಪಂದವಾಯಿತು.

ಬಿಡಬೇಕೆಂದರೆ ಪೂರ್ತಿ ಬಿಟ್ಟುಬಿಡುವುದೂ ಅಲ್ಲ. ಎಷ್ಟು ಕೊರೆಯೋ ಅಷ್ಟನ್ನೇ ತುಂಬಬೇಕು. ಮೊದಲ ತಿಂಗಳು ಮಾವನವರ ಮೊಣಕೈ ಕೆಳಗೆ ಸೊಸೆಯ ಅಂಗೈ ಇರುತ್ತಿತ್ತು. ಆಮೇಲೆ ಎರಡು ಬೆರಳು. ಆಮೇಲೆ ಮೊಣಕೈಯೂರಲು ಒಂದು ಮಣೆ. ಚಮಚದ ಹಿಡಿಕೆಗೆ ಹಳೆಯ ಸೀರೆಯ ಪಟ್ಟಿಯನ್ನು ಸುತ್ತಿ ಹೆಬ್ಬೆರಳಿನಷ್ಟು ದಪ್ಪ ಮಾಡಿದಳು, ಏಕೆಂದರೆ ಸೋತ ಕೈಗೆ ದಪ್ಪನೆಯದು ಸಿಕ್ಕುತ್ತದೆ, ತೆಳ್ಳನೆಯದು ಜಾರುತ್ತದೆ. ಗಂಗಾಳ ಸರಿಯದಂತೆ ಅದರ ಕೆಳಗೆ ಒದ್ದೆಬಟ್ಟೆ. ನುಚ್ಚು ಮೊದಲು, ಅನ್ನ ಆಮೇಲೆ, ರೊಟ್ಟಿ ಕಡೆಗೆ. ವಾರಕ್ಕೊಮ್ಮೆ ಯಾವುದಾದರೂ ಒಂದು ಆಸರೆಯನ್ನು ತೆಗೆಯುವುದು ಆಕೆಯ ಪದ್ಧತಿ. ತೆಗೆದುದನ್ನು ಹೇಳುತ್ತಿರಲಿಲ್ಲ.

ಅಭ್ಯಾಸದ ಪ್ರಮಾಣದ ಮಾತು ಇಲ್ಲಿ ಬರಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳು ಬದಲಾದದ್ದು ದಿನಕ್ಕೆ ನೂರಾರು ಸಲ ಕೈಯಾಡಿಸಿದಾಗ. 2009ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಮುಂದುವರಿದ ದೇಶಗಳ ಚಿಕಿತ್ಸಾಲಯಗಳಲ್ಲಿಯೂ ಒಂದು ಬಾರಿಯ ಅಭ್ಯಾಸದಲ್ಲಿ ಕೆಲಸಕ್ಕೆ ಬರುವಂಥ ಕೈಚಲನೆಗಳು ಸರಾಸರಿ 32 ಮಾತ್ರವೆಂದು ಎಣಿಸಿದರು. ನೂರಾರು ಸಲ ಒಂದೇ ಚಲನೆಯನ್ನು ಮಾಡೆಂದರೆ ವಯಸ್ಸಾದವರು ಬೇಸರಪಟ್ಟು ಗೋಡೆಗೆ ಮುಖ ಮಾಡುತ್ತಾರೆ. ಈ ಗಂಟನ್ನು ಬಿಡಿಸಿದವಳು ಮೊಮ್ಮಗಳು. ಅಟ್ಟದ ಮೇಲೆ ಬಿದ್ದಿದ್ದ ಅಳಗುಳಿ ಮಣೆಯನ್ನು ಅವಳು ಕೆಳಗಿಳಿಸಿ ತಂದಳು. ಸಾಲಿಗೆ 7ರಂತೆ 14 ಗುಳಿ. ಗುಳಿಗೆ ಐದರಂತೆ ಇಟ್ಟರೆ 70 ಹುಣಸೆ ಬೀಜ. ಒಂದು ಗುಳಿಯ ಬೀಜಗಳನ್ನು ಬಾಚಿ ಮುಂದಿನ ಗುಳಿಗಳಲ್ಲಿ ಒಂದೊಂದಾಗಿ ಉದುರಿಸುತ್ತ ಹೋಗುವುದು ಆಟ. ಒಮ್ಮೆಗೆ ಒಂದೇ ಬೀಜ ಬೀಳಬೇಕು, ಬೇಕಾದ ಗುಳಿಯಲ್ಲೇ ಬೀಳಬೇಕು. ಈ ಆಟವನ್ನು ಕಟ್ಟಿದವರ ಮನಸ್ಸಿನಲ್ಲಿ ರೋಗಚಿಕಿತ್ಸೆ ಇರಲಿಕ್ಕಿಲ್ಲ. ಆದರೆ ಹಿಡಿಯುವುದು, ಒಯ್ಯುವುದು, ಬಿಡುವುದು ಎಂಬ ಮೂರನ್ನೂ ಇಷ್ಟು ಅಚ್ಚುಕಟ್ಟಾಗಿ ಬೆಸೆದ ಸಾಧನವನ್ನು ಯಾವ ಚಿಕಿತ್ಸಾಲಯವೂ ಮೆಚ್ಚಬೇಕು. ಮೊದಮೊದಲು ಅಜ್ಜನ ಪರವಾಗಿ ಮೊಮ್ಮಗಳೇ ಬೆರಳು ಬಿಡಿಸುತ್ತಿದ್ದಳು. ಆಟದಲ್ಲಿ ಅಜ್ಜನಿಗೆ ಆಕೆ ರಿಯಾಯಿತಿ ತೋರಲಿಲ್ಲ. ಬೀಜ ತಪ್ಪಿ ಬಿದ್ದರೆ ಸರದಿ ಹೋಯಿತು. ಸೋತ ಸಿಟ್ಟಿಗೆ ಅವರು ಮತ್ತೊಂದಾಟಕ್ಕೆ ಕೂರುತ್ತಿದ್ದರು. ಸಂಜೆಯೊಳಗೆ ಇನ್ನೂರು ಸಲ ಕೈಯಾಡಿದ್ದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಕನ್ನಡಿಯ ಉಪಾಯವನ್ನೂ ಹತ್ತು ದಿನ ನೋಡಿದರು. ಎರಡು ಕೈಗಳ ನಡುವೆ ಕನ್ನಡಿಯನ್ನು ನಿಲ್ಲಿಸಿ ಒಳ್ಳೆಯ ಕೈಯನ್ನಾಡಿಸಿದರೆ, ಅದರ ಬಿಂಬ ಬಿದ್ದ ಕೈಯೇ ಆಡಿದಂತೆ ಕಾಣುತ್ತದೆ. ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅಂಗ ಕಳೆದುಕೊಂಡವರ ನೋವಿಗೆಂದು ರೂಪಿಸಿದ ಈ ಉಪಾಯವನ್ನು ಪಾರ್ಶ್ವವಾಯುವಿಗೆ ಬಳಸಿದ ಮೊದಲ ವರದಿ 1999ರಲ್ಲಿ ಬಂದಿತು. ಅನಂತರದ ಪರೀಕ್ಷೆಗಳಲ್ಲಿ ಒಂದಿಷ್ಟು ಗುಣವಿದೆಯೆಂದೇ ಕಂಡಿದೆ. ಯಜಮಾನರಿಗೆ ಮಾತ್ರ ಅದು ಹಿಡಿಸಲಿಲ್ಲ. 'ಸುಳ್ಳು ಕೈ' ಎಂದು ನಕ್ಕು ಕನ್ನಡಿಯನ್ನು ಸರಿಸಿಬಿಟ್ಟರು.

ನಾಲ್ಕನೆಯ ತಿಂಗಳು ಕೆಟ್ಟದಾಗಿತ್ತು. ಹೆಚ್ಚಿನ ಸುಧಾರಣೆ ಮೊದಲ ಮೂರು ತಿಂಗಳಲ್ಲಿ ಕಾಣುವುದು ಸಾಮಾನ್ಯ. ಆಮೇಲೆ ಗತಿ ಮಂದವಾಗುತ್ತದೆ, ನಿಲ್ಲುವುದಿಲ್ಲ. ಮಂದಗತಿಯನ್ನೇ ಕೊನೆಯೆಂದು ಬಗೆದು ಅವರು ಮಾತು ಬಿಟ್ಟರು, ಆಟ ಬಿಟ್ಟರು, ನಿದ್ದೆ ಬಿಟ್ಟರು. ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನಿಟ್ಟುಕೊಂಡು ಬಲಗೈಯಿಂದ ಪತ್ರೆಯೇರಿಸುವುದು ಅವರ ಜೀವಮಾನದ ಬೆಳಗಾಗಿತ್ತು. ಈಗ ಪತ್ರೆಯನ್ನು ಹೆಂಡತಿ ಏರಿಸುತ್ತಿದ್ದರು. 'ಎಡಗೈ ಲಿಂಗಕ್ಕರ ಆತು. ಬಲಗೈ ಯಾತಕ್ಕೂ ಆಗಲಿಲ್ಲ' ಎಂದು ಒಂದು ದಿನ ಪೂಜೆಯ ನಡುವೆಯೇ ಎದ್ದುಬಿಟ್ಟರು. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂವರಲ್ಲೊಬ್ಬರನ್ನು ಇಂಥ ಖಿನ್ನತೆ ಹಿಡಿಯುತ್ತದೆ. ಅದು ಮನೋದೌರ್ಬಲ್ಯವಲ್ಲ, ಔಷಧಿಗೆ ಬಗ್ಗುವ ರೋಗ. ಸೊಸೆ ಅವರನ್ನು ಮತ್ತೆ ವೈದ್ಯರಲ್ಲಿಗೆ ಕರೆದೊಯ್ದಳು. ರಕ್ತದೊತ್ತಡದ ಗುಳಿಗೆಗಳ ಜೊತೆಗೆ ಇನ್ನೊಂದು ಗುಳಿಗೆ ಸೇರಿತು.

ಫಿಜಿಯೋಥೆರಪಿಯ ಹೆಣ್ಣುಮಗಳು ಆ ಪತ್ರೆಯನ್ನೇ ಪಾಠವಾಗಿ ಮಾಡಿದಳು. ಬಿಲ್ವದಳ ಹಗುರವಾದ ವಸ್ತು. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿಯಬೇಕು, ಎದೆಯ ಮಟ್ಟಕ್ಕೆ ಎತ್ತಬೇಕು, ಸರಿಯಾದೆಡೆ ಬಿಡಬೇಕು. ಹಿಡಿಯುವುದು ಬೇಗ ಬಂದಿತು. ಬಿಡುವುದು ಬರಲಿಲ್ಲ, ಎಲೆ ಬೆರಳಿನ ಬಿಗಿತದಲ್ಲಿ ನಲುಗಿಹೋಗುತ್ತಿತ್ತು. ಕೈಬಿಡುವುದೆಂದರೆ ತೊರೆಯುವುದೆಂದು ಕನ್ನಡದ ರೂಢಿ. ಆ ಮನೆಯಲ್ಲಿ ಕೈ ಬಿಡುವುದೇ ಸಾಧನೆಯಾಗಿತ್ತು, ಮಾವನವರಿಗೂ ಸೊಸೆಗೂ. ಎಂಟನೆಯ ತಿಂಗಳ ಒಂದು ಸೋಮವಾರ ನಲುಗದ ಎಲೆಯೊಂದು ಬಿದ್ದಿತು. ಹೆಂಡತಿ ಅದನ್ನು ಕಂಡರು, ಏನೂ ಅನ್ನಲಿಲ್ಲ. ಅಂದು ಮಧ್ಯಾಹ್ನ ತುತ್ತು ಮಾಡಲು ಅವರು ಗಂಗಾಳದ ಬಳಿ ಕೂರಲಿಲ್ಲ.

ಇದನ್ನು ಓದಿ, ಮನೆಯವರ ಮಮತೆಯೊಂದಿದ್ದರೆ ಸಾಕು, ಆಸ್ಪತ್ರೆ ಬೇಡವೆಂದು ಯಾರೂ ಭಾವಿಸಬಾರದು. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಸೇರಿಸಿಕೊಂಡು, ಮನೆಯವರಿಗೇ ತರಬೇತಿ ಕೊಟ್ಟು ಅಂಗಾಭ್ಯಾಸ ಮಾಡಿಸಿದರೆ ಏನಾಗುವುದೆಂದು ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ ಮರಣ ಹೊಂದಿದವರು ಮತ್ತು ಪರಾವಲಂಬಿಗಳಾಗಿ ಉಳಿದವರು, ತರಬೇತಿ ಪಡೆದ ಮನೆಗಳಲ್ಲಿಯೂ ಪಡೆಯದ ಮನೆಗಳಲ್ಲಿಯೂ ನೂರಕ್ಕೆ 47ರಷ್ಟೇ ಇದ್ದರು. ಮನೆಯವರು ಚಿಕಿತ್ಸಕರ ಸ್ಥಾನವನ್ನು ತುಂಬಲಾರರು ಎಂದೇ ಇದರ ತಾತ್ಪರ್ಯ. ಈ ಯಜಮಾನರಿಗೆ ಮೊದಲ ವಾರದಲ್ಲಿಯೇ ಹೆಗಲು ತುಸು ಏಳುತ್ತಿತ್ತು, ಬೆರಳ ತುದಿ ಅಲುಗುತ್ತಿತ್ತು; ವೈದ್ಯರು ಒಳ್ಳೆಯ ಲಕ್ಷಣವೆಂದು ಎಣಿಸುವುದು ಇವನ್ನೇ. ತಿಂಗಳಿಗೆರಡು ಸಲ ಬಸ್ಸಿನಲ್ಲಿ ಹೋಗಿ ತಜ್ಞೆಗೆ ತೋರಿಸಿ ಬರುವುದನ್ನು ಅವರು ತಪ್ಪಿಸಲಿಲ್ಲ. ಇಷ್ಟೇ ಶ್ರದ್ಧೆಯಿಂದ ದುಡಿದರೂ ಕೈ ಮರಳದ ಮನೆಗಳು ಬಹಳ ಇವೆ. ಅಲ್ಲಿನ ಸೊಸೆಯರೂ ಹೆಂಡಿರೂ ಯಾವುದರಲ್ಲೂ ಕಡಿಮೆಯವರಲ್ಲ. ಅಲ್ಲಿ ಒಂದೇ ಕೈಯಿಂದ ಬದುಕುವ ವಿದ್ಯೆಯನ್ನು ಕಲಿಸಬೇಕಾಗುತ್ತದೆ, ಎಡಗೈ ಊಟದ ಸಂಕೋಚವನ್ನು ಊರವರು ಬಿಡಬೇಕಾಗುತ್ತದೆ.

ತಂಗಿಯ ಮೊಮ್ಮಗನ ಮದುವೆಗೆ ಯಜಮಾನರು ಹೋಗಲಿಲ್ಲ. ಅದು ಮುಗಿದುಹೋಗಿತ್ತು. ಮರುವರ್ಷ ಅದೇ ಮನೆಯ ತೊಟ್ಟಿಲಿಗೆ ಹೋದರು. ಪಂಕ್ತಿಯಲ್ಲಿ ಕೂತು ಎಡಗೈಯನ್ನು ತೊಡೆಯ ಕೆಳಗಿಟ್ಟು, ಗೋದಿ ಹುಗ್ಗಿಯನ್ನು ಮೂರು ಬೆರಳುಗಳಿಂದ ಎತ್ತಿ ಉಂಡರು; ಅರ್ಧ ಅಂಗಿಯ ಮೇಲೆ ಬಿದ್ದಿತು. ಬಡಿಸುವವನು ಎರಡನೆಯ ಸಲ ಬಂದಾಗ ಬೇಡವೆನ್ನಲು ಬಲಗೈಯನ್ನೇ ಎಲೆಗೆ ಅಡ್ಡ ಹಿಡಿದರೆಂದು ಮೊಮ್ಮಗಳು ಮನೆಗೆ ಬಂದು ವರದಿ ಮಾಡಿದಳು.

ಅಂಗಿಯ ಗುಂಡಿ ಅವರಿಗೆ ಇಂದಿಗೂ ಬರುವುದಿಲ್ಲ. ಕೂರಿಗೆ ಹಿಡಿಯುವುದು ಆಗಲಿಲ್ಲ, ಆಗುವುದೂ ಇಲ್ಲ. ಶೇಂಗಾ ಸುಲಿಯುತ್ತಾರೆ, ಆಳು ಸುಲಿಯುವುದರ ಕಾಲುಭಾಗದಷ್ಟು. ಅಡುಗೆಮನೆಯ ನೆಲುವಿನಲ್ಲಿ ರೊಟ್ಟಿಯ ಬುಟ್ಟಿ ತೂಗುತ್ತದೆ. ಅದನ್ನು ಸೊಸೆ ಅವರ ಹೆಗಲ ಎತ್ತರಕ್ಕೆ ಇಳಿಸಿ ಕಟ್ಟಿದ್ದಾಳೆ. ಈ ಮುಂಗಾರಿನಿಂದ ಆಕೆ ಬೆಳಗಿನ ಕೆಲಸ ತೀರಿಸಿ ಕಳೆ ತೆಗೆಯಲು ಹೊಲಕ್ಕೆ ಹೋಗತೊಡಗಿದ್ದಾಳೆ. ಮಧ್ಯಾಹ್ನ ಹೆಂಡತಿ ಮೊಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿರುವಾಗ ಯಜಮಾನರು ಒಳಗೆ ಹೋಗಿ, ಬಲಗೈಯಿಂದ ಬುಟ್ಟಿಯನ್ನು ತಡೆದು ಹಿಡಿದು, ಎಡಗೈಯಿಂದ ರೊಟ್ಟಿ ತೆಗೆದು, ಇಬ್ಬರಿಗೂ ಹಾಕಿಕೊಂಡು ಬರುತ್ತಾರೆ.